ನೋಂದಣಿ ಬರುವವರೆಗೆ ಬಿ.ಪಿ. ನೋಡುವುದಿಲ್ಲ

ಕಾಲೇಜು ಸೇರುವ ಮಕ್ಕಳನ್ನು ಕಂಡರೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಅದನ್ನು ಕೇಳಿದಾಗಲೆಲ್ಲ ಏನಾದರೊಂದು ನಗೆಯ ಪ್ರಸಂಗ ನಡೆದೇ ನಡೆಯುತ್ತದೆ. "ಓದು ಮುಗಿದ ಮೇಲೆ ಆ ಕೆಲಸ ಮಾಡಲು ಈ ರಾಜ್ಯದಲ್ಲಿ ನೋಂದಣಿ ಸಿಗುತ್ತದೆಯೇ?" ಇಷ್ಟೇ ಪ್ರಶ್ನೆ.

ನಾನು ಕಾಸರಗೋಡಿನವಳು, ತಿರುವನಂತಪುರದ ಪಟ್ಟಂನಲ್ಲಿ ಶಾಲಾ ಶಿಕ್ಷಕಿ. ಪ್ಲಸ್ ಟು ಮಕ್ಕಳಿಗೆ ಮುಂದೇನು ಓದಬೇಕೆಂದು ಹೇಳುವ ಜವಾಬ್ದಾರಿಯೂ ನನಗಿದೆ. ಪ್ರಶ್ನೆ ಮಾತ್ರ ನನ್ನದಲ್ಲ, ನಮ್ಮವರದು, ನನ್ನ ಗಂಡನದು. ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದ ಅವರು, "ಡಿಗ್ರಿ ಕೊಡುವವರು ಬೇರೆ, ಕೆಲಸ ಮಾಡಲು ಬಿಡುವವರು ಬೇರೆ. ಇಬ್ಬರನ್ನೂ ಕೇಳಿಯೇ ಮಕ್ಕಳನ್ನು ಕಳಿಸು" ಎನ್ನುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಪ್ರಶ್ನೆಯನ್ನು ನಾನು ಬಿಟ್ಟಿಲ್ಲ.

ಪೂರ್ತಿ ವಕೀಲ

ಒಮ್ಮೆ ಪ್ಲಸ್ ಟು ಮಕ್ಕಳ ಜತೆ ಮಾತಾಡಲು ಒಬ್ಬ ಯುವ ವಕೀಲರನ್ನು ಕರೆಸಿದ್ದೆ. ಅವರು ಏನನ್ನೂ ಮುಚ್ಚಿಡಲಿಲ್ಲ. "ಐದು ವರ್ಷ ಓದಿ ಡಿಗ್ರಿ ಪಡೆದೆ, ವಕೀಲನಾಗಲಿಲ್ಲ. ಬಾರ್ ಕೌನ್ಸಿಲ್‌ನಲ್ಲಿ ಹೆಸರು ಬರೆಸಿದೆ, ಕರಿ ಕೋಟು ಬಂತು. ಆಮೇಲೂ ಒಂದು ಪರೀಕ್ಷೆ ಇತ್ತು."

ಮುಂದಿನ ಬೆಂಚಿನಲ್ಲಿ ನಮ್ಮ ಎದುರು ಫ್ಲಾಟಿನ ಹುಡುಗಿ ಕೂತಿದ್ದಳು. ಎದ್ದು ನಿಂತು ಕೇಳಿದಳು. "ಸರ್, ಹಾಗಾದರೆ ನೀವು ಪೂರ್ತಿ ವಕೀಲರಾದದ್ದು ಯಾವಾಗ?"

"ಸರ್ಕಾರದ ಲೆಕ್ಕದಲ್ಲಿ ಆ ಪರೀಕ್ಷೆ ಪಾಸಾದಾಗ. ಅಮ್ಮನ ಲೆಕ್ಕದಲ್ಲಿ ಇನ್ನೂ ಆಗಿಲ್ಲ. ಹೋದ ತಿಂಗಳು ಕಂಪೌಂಡಿನ ತಕರಾರು ಬಂದಾಗ ಅವರು ಬೇರೆ ವಕೀಲರನ್ನು ಹಿಡಿದರು. ಆ ವಕೀಲರ ಮನೆಗೆ ಅಮ್ಮನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋದವನು ನಾನೇ."

ಮೀನು ಮತ್ತು ಕೊಡೆ

ಆ ಹುಡುಗಿಗೆ ನರ್ಸಿಂಗ್ ಓದುವ ಆಸೆ. ಅವಳ ಅಮ್ಮ ನನ್ನನ್ನೂ ಜತೆಗೆ ಹೊರಡಿಸಿಕೊಂಡು ಕೊಚ್ಚಿಯ ಶಿಕ್ಷಣ ಮೇಳಕ್ಕೆ ಹೊರಟರು. "ಕರ್ನಾಟಕದ ಕಾಲೇಜುಗಳೇ ಜಾಸ್ತಿ ಇರುತ್ತವೆ ಟೀಚರ್, ನೀವಿದ್ದರೆ ಅವರು ಸುಳ್ಳು ಹೇಳುವುದಿಲ್ಲ."

ಮೊದಲ ಮಳಿಗೆಯಲ್ಲಿ ಟೈ ಕಟ್ಟಿದ ಯುವಕನೊಬ್ಬನಿದ್ದ. ನಾನು ಕೇಳಿದೆ. "ನಿಮ್ಮಲ್ಲಿ ಓದಿದವರಿಗೆ ಕರ್ನಾಟಕದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಸಿಗುತ್ತದೆಯೇ? ಅದನ್ನು ಕೇರಳಕ್ಕೆ ವರ್ಗಾಯಿಸಬಹುದೇ?"

"ಹಾಸ್ಟೆಲಿನಲ್ಲಿ ಕೇರಳದ ಊಟವೇ ಟೀಚರ್. ಕುಚ್ಚಲಕ್ಕಿ ಅನ್ನ."

ಮತ್ತೆ ಕೇಳಿದೆ.

"ವಾರಕ್ಕೆ ಮೂರು ದಿನ ಮೀನು."

ಮೂರನೆಯ ಸಲ ಕೇಳಿದಾಗ ಓಣಂಗೆ ರಜೆ ಇದೆ ಎಂದ. ನಾಲ್ಕನೆಯ ಸಲಕ್ಕೆ ಉತ್ತರ ಮುಗಿದುಹೋಗಿರಬೇಕು. ಮೇಜಿನ ಕೆಳಗಿನಿಂದ ಕಾಲೇಜಿನ ಹೆಸರಿದ್ದ ಕೊಡೆಯೊಂದನ್ನು ತೆಗೆದು ನನ್ನ ಕೈಗಿಟ್ಟ. ಅದೇ ಸಾಲಿನ ಕೊನೆಯ ಮಳಿಗೆಯಲ್ಲಿದ್ದ ಹೆಂಗಸು ಮಾತ್ರ ಎರಡೂ ಪ್ರಶ್ನೆಗೆ ನೇರವಾಗಿ ಉತ್ತರಿಸಿ, ಆಧಾರವನ್ನೂ ತೋರಿಸಿದಳು. ಹುಡುಗಿ ಅಲ್ಲಿಯೇ ಸೇರಿದಳು. ಅಲ್ಲಿ ಮೀನಿನ ಸುದ್ದಿ ಬರಲೇ ಇಲ್ಲ.

ಮನೆಗೆ ಬಂದು ನಡೆದದ್ದನ್ನು ಹೇಳಿದೆ. ನಮ್ಮವರು ಕೊಡೆಯನ್ನು ಬಿಚ್ಚಿ, ಕಡ್ಡಿಗಳನ್ನು ಪರೀಕ್ಷಿಸಿ ಹೇಳಿದರು. "ಆ ಕಾಲೇಜು ಕೊಡುವುದರಲ್ಲಿ ಇದೊಂದೇ ಕೇರಳದಲ್ಲಿ ನಡೆಯುತ್ತದೆ."

ತಲಪಾಡಿಯ ಆಚೆ

ನಾಲ್ಕು ವರ್ಷ ಓದಿ ಹುಡುಗಿ ಊರಿಗೆ ಬಂದಳು. ಕರ್ನಾಟಕದ ನೋಂದಣಿ ಕೈಯಲ್ಲಿತ್ತು. ಕೊಚ್ಚಿಯ ಕಾಕ್ಕನಾಡಿನ ಆಸ್ಪತ್ರೆಯೊಂದು ಅವಳನ್ನು ಆರಿಸಿಯೂ ಇತ್ತು. ಆದರೆ ತಿಂಗಳ ಕೊನೆಯೊಳಗೆ ಕೇರಳದ ನೋಂದಣಿ ತೋರಿಸಬೇಕು, ಇಲ್ಲದಿದ್ದರೆ ಕೆಲಸ ಮುಂದಿನ ಅಭ್ಯರ್ಥಿಗೆ. ಇಲ್ಲಿಯ ಕೌನ್ಸಿಲ್ ತಯಾರಿತ್ತು. ಬೆಂಗಳೂರಿನ ಕೌನ್ಸಿಲ್‌ನಿಂದ ಒಂದು ದೃಢೀಕರಣ ಬರಬೇಕಿತ್ತು, ಅದು ಬರುತ್ತಿರಲಿಲ್ಲ. ಅವಳ ಅಮ್ಮ ಗೇಟಿನ ಸದ್ದಾದರೆ ಸಾಕು, ಅಂಚೆ ಬಂತೇನೋ ಎಂದು ಬಾಲ್ಕನಿಗೆ ಓಡುತ್ತಿದ್ದರು.

ಇದರ ನಡುವೆ ನಮ್ಮ ಫ್ಲಾಟಿನ ಅಸೋಸಿಯೇಷನ್ ಅಧ್ಯಕ್ಷರು ವಾಟ್ಸಾಪ್ ಗ್ರೂಪಿನಲ್ಲಿ ಪ್ರಕಟಣೆ ಹಾಕಿದರು. "ಈಗ ನಮಗೆ ನಮ್ಮದೇ ನರ್ಸ್. ಭಾನುವಾರ ಬೆಳಿಗ್ಗೆ ಎಲ್ಲರಿಗೂ ಬಿ.ಪಿ. ತಪಾಸಣೆ." ಮೊದಲಿಗರಾಗಿ ಅವರೇ ಅಂಗಿಯ ತೋಳು ಮಡಚಿಕೊಂಡು ಬಂದರು. ಹುಡುಗಿ ಒಪ್ಪಲಿಲ್ಲ. ಅವರು ಮೋಳೇ, ಮಗಳೇ ಎಂದು ಒಲಿಸಲು ನೋಡಿದರು.

"ಬರೀ ಬಿ.ಪಿ. ತಾನೇ ಮೋಳೇ? ನನ್ನ ಹೆಂಡತಿಯೂ ನೋಡುತ್ತಾಳೆ."

"ಆಂಟಿಯನ್ನು ನರ್ಸ್ ಎಂದು ಗ್ರೂಪಿನಲ್ಲಿ ಹಾಕಿಲ್ಲವಲ್ಲ ಅಂಕಲ್. ನನ್ನನ್ನು ಹಾಕಿದ್ದೀರಿ. ಇಲ್ಲಿಯ ನೋಂದಣಿ ಬರುವವರೆಗೆ ನಾನು ಎದುರು ಮನೆಯ ಹುಡುಗಿ, ಅಷ್ಟೇ."

"ಕರ್ನಾಟಕದಲ್ಲಿ ನೀನು ನರ್ಸ್ ಅಲ್ಲವೇ?"

"ಹೌದು. ತಲಪಾಡಿ ಗಡಿ ದಾಟಿ ಆಚೆ ನಿಲ್ಲಿ, ಅಲ್ಲಿ ನೋಡುತ್ತೇನೆ."

ಅಧ್ಯಕ್ಷರು ಮಡಚಿದ ತೋಳನ್ನು ಇಳಿಸಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು. "ಟೀಚರೇ, ತಲಪಾಡಿಗೆ ಇಲ್ಲಿಂದ ನೇರ ಬಸ್ಸು ಇದೆಯೇ?"

ಇಬ್ಬರು ಕನ್ನಡಿಗರು

ತಿಂಗಳು ಮುಗಿಯಲು ವಾರವಿತ್ತು. ಹುಡುಗಿಯ ಅಮ್ಮ ಕೈಹಿಡಿದು ಕೇಳಿದರು. "ಟೀಚರ್, ಬೆಂಗಳೂರಿಗೆ ಒಂದು ಫೋನು ಮಾಡಿ. ಕನ್ನಡದಲ್ಲಿ ಹೇಳಿದರೆ ಅವರ ಮನಸ್ಸು ಕರಗುತ್ತದೆ."

ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಹತ್ತನೆಯ ಪ್ರಯತ್ನಕ್ಕೋ ಏನೋ ಒಬ್ಬ ಗುಮಾಸ್ತರು ಫೋನ್ ಎತ್ತಿದರು. ನಮಸ್ಕಾರ ಹೇಳಿ, ಹುಡುಗಿಯ ಓದು, ಆಸ್ಪತ್ರೆಯ ಗಡುವು ಎಲ್ಲವನ್ನೂ ತಪ್ಪಿಲ್ಲದ ಕನ್ನಡದಲ್ಲಿ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಚೊಕ್ಕ ಮಲಯಾಳಂನಲ್ಲಿ ಉತ್ತರ ಕೊಟ್ಟರು. ಮಲಯಾಳಂ ಕೇಳಿದೊಡನೆ ನನ್ನ ನಾಲಿಗೆಯೂ ರೂಢಿಯಂತೆ ಆ ಕಡೆಗೇ ಹೊರಳಿತು. ಮುಂದಿನ ಮಾತೆಲ್ಲ ಮಲಯಾಳಂನಲ್ಲೇ ನಡೆಯಿತು. ದೃಢೀಕರಣ ಸಹಿಗೆ ಹೋಗಿದೆ, ನಾಳೆ ಕಳಿಸುತ್ತೇನೆ ಎಂದರು.

"ನೀವು ಕೇರಳದ ಯಾವ ಊರಿನವರು?" ಎಂದು ಕೊನೆಗೆ ಕೇಳಿದೆ.

"ನಾನು ತುಮಕೂರಿನವನು ಮೇಡಂ. ಈ ಕುರ್ಚಿಗೆ ಬರುವ ಫೋನೆಲ್ಲ ನಿಮ್ಮ ಕಡೆಯದೇ. ಕೂತಲ್ಲೇ ಮಲಯಾಳಂ ಬಂದುಬಿಟ್ಟಿದೆ. ಅಂದ ಹಾಗೆ, ಹೊರಗಿನವರಾಗಿ ನೀವು ಶುರುವಿನಲ್ಲಿ ಕನ್ನಡವನ್ನು ಎಷ್ಟು ಚೆನ್ನಾಗಿ ಆಡಿದಿರಿ."

ಮೊದಲ ತಪಾಸಣೆ

ಗುಮಾಸ್ತರು ಮಾತು ಉಳಿಸಿಕೊಂಡರು. ಗಡುವಿಗೆ ಎರಡು ದಿನ ಇರುವಾಗ ಹುಡುಗಿಗೆ ಕೇರಳದ ನೋಂದಣಿ ಬಂತು. ಅವಳ ಅಮ್ಮ ಮನೆಮನೆಗೆ ಪಾಯಸ ಹಂಚಿದರು. ಪಾಯಸದ ಹಿಂದೆಯೇ ಅಧ್ಯಕ್ಷರು ತೋಳು ಮಡಚಿಕೊಂಡು ನಮ್ಮ ಮನೆಗೆ ಬಂದರು, ಹುಡುಗಿ ಇಲ್ಲಿದ್ದಾಳೆಂದು ಯಾರೋ ಹೇಳಿದ್ದರಂತೆ.

ಬಿ.ಪಿ. ನೋಡುವ ಯಂತ್ರ ನಮ್ಮವರ ಕಪಾಟಿನಲ್ಲಿತ್ತು. ಆ ಕಪಾಟನ್ನು ನಾನು ಬಹಳ ದಿನದಿಂದ ತೆರೆದಿರಲಿಲ್ಲ. ಅಂದು ತೆರೆದೆ. ಹೊಸ ಬ್ಯಾಟರಿ ಹಾಕಿ ಮೇಜಿನ ಮೇಲಿಟ್ಟೆ.

ಹುಡುಗಿ ಕೈ ತೊಳೆಯಲು ಹೋದಳು. ಅಷ್ಟೂ ತಡೆಯದೆ ಅಧ್ಯಕ್ಷರು ತಾವೇ ಪಟ್ಟಿ ಸುತ್ತಿಕೊಂಡು, ಸಿಕ್ಕಿದ ಗುಂಡಿ ಒತ್ತಿದರು. ಕ್ಷಣದಲ್ಲಿ ಅಂಕಿ ಮೂಡಿತು. "ನೂರ ಹದಿನೆಂಟು, ಎಪ್ಪತ್ತಾರು. ನೋಡಿ ಟೀಚರೇ, ಹುಡುಗನ ಹಾಗಿದ್ದೇನೆ."

ಹುಡುಗಿ ಬಂದು ನೋಡಿದಳು. "ಪಟ್ಟಿ ಉಬ್ಬಲೇ ಇಲ್ಲವಲ್ಲ ಅಂಕಲ್. ನೀವು ಒತ್ತಿದ್ದು ಹಳೆಯ ಅಂಕಿ ತೋರಿಸುವ ಗುಂಡಿ."

"ಹಾಗಾದರೆ ಇದು ಯಾರದು?"

"ನಮ್ಮವರದು" ಎಂದೆ. "ಅವರ ಬಿ.ಪಿ. ಕೊನೆಯವರೆಗೂ ಚೆನ್ನಾಗಿತ್ತು. ಹೋದದ್ದು ಬೇರೆ ಕಾರಣಕ್ಕೆ."

ಹುಡುಗಿ ಪಟ್ಟಿಯನ್ನು ಸರಿಯಾಗಿ ಸುತ್ತಿ, ಸರಿಯಾದ ಗುಂಡಿ ಒತ್ತಿದಳು. ಈ ಸಲ ಬಂದ ಅಂಕಿ ಕಂಡು ಅಧ್ಯಕ್ಷರ ಮುಖ ಇಳಿಯಿತು. ದನಿ ತಗ್ಗಿಸಿ ಹೇಳಿದರು. "ಮೋಳೇ, ನನ್ನ ಹೆಂಡತಿ ಕೇಳಿದರೆ ಆ ಮೊದಲಿನದನ್ನೇ ಹೇಳಿಬಿಡು. ಟೀಚರ ಯಜಮಾನರು ಬೇಡ ಅನ್ನುವುದಿಲ್ಲ."

"ಆಗುವುದಿಲ್ಲ ಅಂಕಲ್. ಈಗ ನನಗೆ ನೋಂದಣಿ ಇದೆ. ನಾಳೆಯೇ ಡಾಕ್ಟರ ಹತ್ತಿರ ಹೋಗಬೇಕು, ಉಪ್ಪಿನಕಾಯಿ ಇವತ್ತಿನಿಂದಲೇ ಬಂದ್."

ಅಧ್ಯಕ್ಷರು ಕೊನೆಗೂ ತೋಳು ಇಳಿಸಿದರು. "ನೋಂದಣಿ ಇಲ್ಲ ಎಂದು ಒಂದು ತಿಂಗಳು ಆಗುವುದಿಲ್ಲ ಅಂದಳು. ನೋಂದಣಿ ಇದೆ ಎಂದು ಈಗಲೂ ಆಗುವುದಿಲ್ಲ ಅನ್ನುತ್ತಾಳೆ. ಟೀಚರೇ, ಆ ತಲಪಾಡಿ ಬಸ್ಸು ಎಷ್ಟು ಗಂಟೆಗೆ ಅಂದಿರಿ?"

ನಾನು ನಕ್ಕೆ. ಆ ಕಪಾಟಿನ ಬಾಗಿಲು ತೆರೆದೇ ಇತ್ತು. ಮುಚ್ಚಬೇಕು ಅನ್ನಿಸಲಿಲ್ಲ.