ತೂಕ ಸರಿ, ಬೆಲೆ ತಪ್ಪು

ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗೋಡೌನು ನೋಡಿಕೊಳ್ಳುವವಳು ನಾನು. ವರ್ಷಕ್ಕೊಮ್ಮೆ ಇದ್ದಬದ್ದ ಚೀಲವನ್ನೆಲ್ಲ ತೂಗಿ ಲೆಕ್ಕಕ್ಕೆ ತಾಳೆ ನೋಡುತ್ತಾರೆ. ತಾಳೆಯಾಗುವುದು ಆಮೇಲಿನ ಮಾತು, ಮೊದಲು ಯಾರಿಗಾದರೂ ಜಗಳ ಹತ್ತಲೇಬೇಕು. ಈ ಸಲ ನನಗೆ ಹತ್ತಿತು.

ಆಡಿಟರ ಲೆಕ್ಕ

ತುಮಕೂರಿನಿಂದ ಬಂದ ಆಡಿಟರು ಗರಿಗರಿ ಅಂಗಿ, ಹೊಸ ಬೂಟಿನ ಮನುಷ್ಯ. ಹಮಾಲರು ತೂಕದ ಮೆಷಿನ್ನಿಗೆ ಚೀಲ ಇಳಿಸಿದಾಗಲೆಲ್ಲ ಮುಂದೆ ಬಗ್ಗಿ ಅಂಕಿ ಬರೆದುಕೊಳ್ಳುತ್ತಿದ್ದರು. ಒಂದೊಂದು ಚೀಲವೂ ಲೆಕ್ಕಕ್ಕಿಂತ ಜಾಸ್ತಿಯೇ ಬಂತು. ನಮ್ಮ ಯಜಮಾನರ ಮುಖ ಅರಳಿತು. ಒಣಗಿ ಇಳಿಯಬೇಕಾದ ಕೊಬ್ಬರಿ ಏರುವುದು ಹೇಗೆ ಅಂತ ನಾನು ಕೇಳಿದೆ. ಮೆಷಿನ್ನು ಸುಳ್ಳು ಹೇಳಲ್ಲಮ್ಮ ಅಂದರು ಆಡಿಟರು. ನಾನು ಕೆಳಗೆ ನೋಡಿದೆ.

"ಹೌದು ಸಾರ್, ಹೇಳ್ತಿಲ್ಲ. ನಿಮ್ಮ ಬಲಗಾಲು ಅದರ ಮೇಲೈತೆ. ಅದಕ್ಕೂ ಕೊಬ್ಬರಿ ರೇಟು ಹಾಕ್ತಿದ್ದೀರಿ."

ಇಲಿಯ ಮೇಲೆ ಹಾಕು

ಮತ್ತೆ ಮೊದಲಿಂದ ತೂಗಿದೆವು. ತೂಕ ಸರಿಹೋಯಿತು, ಬೆಲೆ ಸರಿಹೋಗಲಿಲ್ಲ. ಒಳ್ಳೇ ಉಂಡೆ ಕೊಬ್ಬರಿ ಅಂತ ಲೆಕ್ಕದಲ್ಲಿದ್ದ ಎರಡು ಚೀಲ ಬಿಚ್ಚಿದರೆ ಒಳಗೆ ಬರೀ ಕೌಟು, ಎಣ್ಣೆ ಗಾಣಕ್ಕೆ ಹೋಗುವ ಹಾಳು ಸರಕು. ಗೋಡೌನಿನ ಬೀಗದ ಕೈ ಇರುವುದು ನನ್ನ ಹತ್ತಿರ. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

ಯಜಮಾನರು ಕೆಟ್ಟವರಲ್ಲ. ಇಲಿ ತಿಂದು ನಷ್ಟ ಅಂತ ಬರೆದು ಸಹಿ ಹಾಕಿಬಿಡು, ಇಲ್ಲಿಗೇ ಮುಗಿಸೋಣ ಅಂದರು. ಹಾಕಲ್ಲ ಅಂದೆ. ಹಾಗಾದರೆ ಕಳ್ಳತನ ಅಂತ ಬರೆಯಬೇಕಾಗುತ್ತೆ ಅಂದರು ಆಡಿಟರು. ಕದಿಯದವಳು ಇಲಿಯ ಹಿಂದೆ ಯಾಕೆ ಬಚ್ಚಿಟ್ಟುಕೊಳ್ಳಬೇಕು? ಆ ಚೀಲದ ಮೇಲೇ ಕೂತುಬಿಟ್ಟೆ.

"ಒಳ್ಳೇದು ತಿಂದು, ಕೌಟು ತುಂಬಿ, ಚೀಲದ ಬಾಯಿ ಹೊಲಿದು ಹೋಗೋ ಇಲಿ ಇದ್ರೆ ಹಿಡ್ಕೊಂಡು ಬನ್ನಿ ಯಜಮಾನ್ರೇ. ನನ್ನ ಕೆಲ್ಸ ಅದಕ್ಕೇ ಕೊಡಿ."

ಅವ್ವ ಬಂದರು

ಗೋಡೌನಿಗೆ ಅಂಟಿಕೊಂಡೇ ಯಜಮಾನರ ಮನೆ. ಗಲಾಟೆ ಕೇಳಿ ಅವರ ತಾಯಿ ಹಿತ್ತಲ ಬಾಗಿಲಿಂದ ಬಂದರು. ನಾವೆಲ್ಲ ಅವರನ್ನು ಅವ್ವ ಅಂತಲೇ ಕರೆಯುವುದು. ಏನು ಎತ್ತ ಅಂತ ಕೇಳಿಕೊಂಡು, ಒಂಚೂರೂ ಅಳುಕದೆ, ತೆಗೆದದ್ದು ನಾನೇ ಅಂದರು. ಗೌರಿ ಹಬ್ಬಕ್ಕೆ ಮಗ ತಂಗಿಗೆ ಕಳಿಸಿದ ಅಗ್ಗದ ಸೀರೆ ನೋಡಿ ಅವರಿಗೇ ನಾಚಿಕೆಯಾಗಿತ್ತಂತೆ. ಅದಕ್ಕೇ ಮನೆಯಲ್ಲಿದ್ದ ಇನ್ನೊಂದು ಬೀಗದ ಕೈ ಹಿಡಿದು ಬಂದು, ಎರಡು ಚೀಲದ ಕೊಬ್ಬರಿ ತೆಗೆಸಿ ಹಂದನಕೆರೆಗೆ, ಮಗಳ ಮನೆಗೆ ಕಳಿಸಿದ್ದರು. ಚೀಲ ಖಾಲಿ ಕಂಡರೆ ಗೋಡೌನು ನೋಡಿಕೊಳ್ಳುವ ನನ್ನ ಮೇಲೆ ಅಪವಾದ ಬಂದೀತು ಅಂತ ಕೌಟು ತುಂಬಿಸಿ, ಹೊಲಿಸಿ ಇಟ್ಟದ್ದೂ ಅವರೇ.

ಕೇಳಿದ್ದರೆ ನಾನೇ ಕೊಡುತ್ತಿರಲಿಲ್ಲವೇ ಅಂದರು ಯಜಮಾನರು.

"ಕೊಡ್ತಿರ್ಲಿಲ್ಲ ಕಣ್ಲಾ," ಅಂದರು ಅವ್ವ.

ನಾನು ಚೀಲದ ಮೇಲಿಂದ ಎದ್ದೆ. ಆಡಿಟರು ಪೆನ್ನು ಹಿಡಿದು ತಡವರಿಸಿ, ಈ ಬೆಲೆಯ ವ್ಯತ್ಯಾಸವನ್ನು ಏನಂತ ತೋರಿಸಲಿ ಅಂತ ಅವ್ವನನ್ನೇ ಕೇಳಿದರು.

"ಮಗಳ ಪಾಲು ಅಂತ ಬರ್ಕೊಳಪ್ಪ. ನಾಡಿದ್ದು ಇನ್ನೊಂದು ಚೀಲ ಹೋಗ್ತದೆ, ಅದ್ನೂ ಈಗ್ಲೇ ಸೇರಿಸ್ಕೊಬುಡು. ಅದಕ್ಕೋಸ್ಕರ ಮತ್ತೆ ಯಾಕೆ ಬತ್ತೀಯ."