ಮಾವನ ಬಿಪಿ ಇಳಿಸಲು ಹೊರಟ ನನ್ನ ಆಟ

ಚಿಂತೆ ಮಾಡುವುದರಲ್ಲಿ ನನಗೆ ಅಪಾರ ಅನುಭವವಿದೆ. ಮನೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಬೀಗ ಬಿದ್ದಿದೆಯೇ ಎಂದು ನೋಡಲು ವಾಪಸ್ ಬಂದು, ಬಸ್ ತಪ್ಪಿಸಿಕೊಂಡವನು ನಾನು. ಆದ್ದರಿಂದ ಜನರ ಚಿಂತೆ ಕಳೆಯುವ ವಿಡಿಯೋ ಗೇಮ್ ಮಾಡಲು ಬಳ್ಳಾರಿಯಲ್ಲಿ ನನಗಿಂತ ಯೋಗ್ಯ ಮನುಷ್ಯ ಇಲ್ಲವೆಂದು ಪೂರ್ತಿ ಖಾತ್ರಿಯಿತ್ತು.

ಕಂಪ್ಯೂಟರ್ ಕ್ಲಾಸ್ ನಡೆಸುವವನಿಗೆ ಬಿಡುವಿಗೇನು ಕೊರತೆ? ಕೂತು ಕಟ್ಟಿದೆ. ಒಂದು ಊರು, ಒಂದು ಕಾಲುವೆ, ಸುತ್ತ ಭತ್ತದ ಗದ್ದೆ. ಯಾವ ಗದ್ದೆಗೆ ಯಾವಾಗ ನೀರು ಎಂದು ಯೋಚಿಸಿ ತೂಬು ಎತ್ತುವುದು, ಇಳಿಸುವುದು. ಇಷ್ಟೇ ತಂತ್ರ. ಶತ್ರುವಿಲ್ಲ, ಗಡಿಯಾರವಿಲ್ಲ, ಸೋಲೇ ಇಲ್ಲ. ಫೋನ್ ಪಕ್ಕಕ್ಕಿಟ್ಟರೆ ನೀರು ಕೂಡ ನೀವು ಬರುವವರೆಗೆ ಕಾಯುತ್ತದೆ. ಹಿನ್ನೆಲೆಯಲ್ಲಿ ಕೊಳಲು!

ಅಷ್ಟರಲ್ಲಿ ದೇಶನೂರಿನಿಂದ ನಮ್ಮ ಮಾವ ದವಡೆ ಹಲ್ಲು ಕೀಳಿಸಲು ಬಂದರು. ಕೆನ್ನೆ ಪೂರಿಯಂತೆ ಉಬ್ಬಿತ್ತು. ಹಲ್ಲಿನ ಡಾಕ್ಟರು ಬಿಪಿ ನೋಡಿ, "ಇದು ಇಳಿಯೋ ಮಟ ಹಲ್ಲು ಮುಟ್ಟಂಗಿಲ್ಲ. ಮಾತ್ರಿ ತಗೊಳ್ರಿ, ತಲಿ ಬಿಸಿ ಮಾಡ್ಕೋಬ್ಯಾಡ್ರಿ, ಸೋಮವಾರ ಬರ್ರಿ" ಎಂದು ಕಳಿಸಿಬಿಟ್ಟರು. ಮಾವನಿಗೆ ಗಂಜಿ ಬಿಟ್ಟು ಬೇರೇನೂ ಬಾಯಿಗೆ ಹೋಗುತ್ತಿರಲಿಲ್ಲ. ಆ ಹಲ್ಲು ಹೊರಗೆ ಬರಲೇಬೇಕಿತ್ತು.

"ಚಿಂತೀನ ಬ್ಯಾಡ ಮಾವಾರ, ಇದನ್ನ ಆಡ್ರಿ. ಬಿಪಿ ತಾನ ಇಳಿತೈತಿ" ಎಂದು ಫೋನ್ ಕೈಗಿಟ್ಟೆ.

ಹೆಂಡತಿ ಗಿರಿಜಾ ಅಡುಗೆಮನೆಯಿಂದಲೇ ಕೂಗಿದಳು: "ರೀ, ನಮ್ಮಪ್ಪ ಕಾಲುವಿ ಕೊನೀ ಹೊಲದಾಂವ. ಹುಟ್ಟಿದಾಗಿಂದ ನೀರಿಗೆ ಬಡಿದಾಡ್ಯಾನ. ಅವಂಗ ಕಾಲುವಿ ಆಟಾನ?"

"ಅದಕ್ಕ! ಈ ಕಾಲುವ್ಯಾಗ ನೀರು ಖಾಲಿನ ಆಗಂಗಿಲ್ಲ."

ಊಟಕ್ಕೆ ಕರೆದರೆ ಮಾವ ಏಳಲಿಲ್ಲ. "ಪಾಳಿ ನಂದೈತಿ. ತೂಬು ಬಿಟ್ಟು ಹೆಂಗ ಬರ್ಲಿ?"

"ಫೋನ್ ಇಡ್ರಿ, ನೀರು ನಿಮಗೋಸ್ಕರ ನಿಂದರ್ತೈತಿ."

ಮಾವ ಕರುಣೆಯಿಂದ ನೋಡಿದರು. "ನೀರು ನಿಂದರ್ತೈತಿ ಅಂತ ಯಾರು ಹೇಳಿದ್ರು ನಿಮಗ?"

ಸಂಜೆ ಬಿಪಿ ಯಂತ್ರ ಹಚ್ಚಿದೆವು. ಏರಿತ್ತು!

ದೋಷ ಪತ್ತೆ ಹಚ್ಚುವುದು ವಿನ್ಯಾಸಕಾರನ ಕರ್ತವ್ಯ. ಮೇಲಿನ ಹೊಲದವನು ನೀರು ತಡೆದಾನೆಂಬ ಭಯವೇ ಮೂಲವೆಂದು ತೀರ್ಮಾನಿಸಿ, ಆಟದೊಳಗೆ ಆ ಹೊಲದ ಮಾಲೀಕನಾದ ಈರಣ್ಣನನ್ನು ತಿದ್ದಿದೆ. ಈಗ ಈರಣ್ಣ ನಗುತ್ತಾ, ಕೈಮುಗಿದು, ತಾನಾಗಿಯೇ ನೀರು ಬಿಡುತ್ತಾನೆ.

ಮಾವ ಕೂತಲ್ಲೇ ನೆಟ್ಟಗಾದರು. "ಕೇಳದ ನೀರು ಬಿಟ್ಟ ಅಂದ್ರ ಇದರಾಗ ಏನೋ ಮಸಲತ್ತು ಐತಿ! ನಗೂದು ನೋಡ್ರಿ ಅವಂದು!"

ಬಿಪಿ ಇನ್ನೂ ಮೇಲೆ.

ಈರಣ್ಣನನ್ನೇ ಅಳಿಸಿಬಿಟ್ಟೆ.

"ಈರಣ್ಣ ಎಲ್ಲಿ ಹ್ವಾದ? ಹೊಲ ಮಾರಿದ್ನ? ಯಾರಿಗೆ? ಪಕ್ಕದ ಹೊಲದಾಂವ ನಾನು, ನನಗೊಂದು ಮಾತು ಕೇಳಬಾರ್ದ?"

ಕೊನೆಗೆ ಕಾಲುವೆ, ತೂಬು, ಗದ್ದೆ ಎಲ್ಲ ಕಿತ್ತುಹಾಕಿ, ಮರದ ಕೆಳಗೆ ಮೆಲುಕು ಹಾಕುವ ಒಂದು ಎಮ್ಮೆಯನ್ನು ಮಾತ್ರ ಉಳಿಸಿದೆ. ಇದಕ್ಕಿಂತ ಶಾಂತಿ ಪ್ರಪಂಚದಲ್ಲಿ ಎಲ್ಲಿದೆ? ಮಾವ ನೋಡೇ ನೋಡಿದರು. "ಅಳಿಯಂದ್ರ, ಎಮ್ಮಿ ಮುಂಜಾನಿಂದ ಮ್ಯಾಲ ಎದ್ದಿಲ್ಲ. ಡಾಕ್ಟರ್‌ನ ಕರೆಸ್ರಿ."

ಸೋಮವಾರ ಹಲ್ಲಿನ ದವಾಖಾನೆಯ ಬೆಂಚಿನ ಮೇಲೆ ಮೂವರೂ ಕೂತೆವು. ನನ್ನ ಮಾನ ಉಳಿಸಿಕೊಳ್ಳಲು ಹಳೆಯ ಆಟವನ್ನೇ ತೆರೆದೆ. "ಸಮಾಧಾನದಿಂದ ಹೆಂಗ ಆಡಬೇಕು ಅಂತ ನಾನು ತೋರಸ್ತೀನಿ, ನೋಡ್ರಿ."

ತೂಬು ಎತ್ತಿದೆ. ಜಾಸ್ತಿಯಾಯಿತೇನೋ! ಇಳಿಸಿದೆ. ಕಡಿಮೆಯಾಯಿತೇನೋ! ಮತ್ತೆ ಎತ್ತಿದೆ. ಅವಸರದಲ್ಲಿ ಬೇರೆಯದೇ ತೂಬು ಎದ್ದು, ನೀರೆಲ್ಲ ಈರಣ್ಣನ ಗದ್ದೆಗೆ ನುಗ್ಗಿತು. ಇದರಲ್ಲಿ ಸೋಲಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಹಣೆ ಬೆವರಿತು. "ತಪ್ಪಾತು ಈರಣ್ಣಾರ, ತಪ್ಪಾತು!" ಎಂದು ಫೋನಿಗೆ ಕೈಮುಗಿದೆ. ಬೆಂಚಿನವರೆಲ್ಲ ತಿರುಗಿ ನೋಡಿದರು.

ಮಾವ ಕೆನ್ನೆ ಹಿಡಿದುಕೊಂಡು ನಗಲು ಶುರು ಮಾಡಿದರು. "ಗಿರಿಜಾ, ನೋಡವ್ವ ನಿನ್ ಗಂಡನ್ನ! ಇವ್ರ ಮುಂದ ನಂದು ಒಂದು ಚಿಂತೀನ?" ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಗೋಡೆಗೊರಗಿ ಹಾಯಾಗಿ ಕಣ್ಣು ಮುಚ್ಚಿದರು.

ಒಳಗೆ ಡಾಕ್ಟರು ಬಿಪಿ ನೋಡಿದರು. ಇಳಿದಿತ್ತು! ಹಲ್ಲು ಹೊರಗೆ ಬಂತು.

ಬಾಯಲ್ಲಿ ಹತ್ತಿ ಕಚ್ಚಿಕೊಂಡು ಹೊರಬಂದ ಮಾವನನ್ನು ಎದೆಯುಬ್ಬಿಸಿ ಕೇಳಿದೆ: "ನೋಡಿದ್ರ್ಯಾ ಮಾವಾರ, ಆಟ ಹೆಂಗ ಕೆಲಸ ಮಾಡ್ತು? ಇನ್ನ ಮಂದಿಗೆಲ್ಲ ಕೊಡ್ಲ್ಯಾ?"

ಮಾವ ಹತ್ತಿಯನ್ನು ಪಕ್ಕಕ್ಕೆ ಸರಿಸಿಕೊಂಡು ತೊದಲಿದರು: "ಕೊಡ್ರಿ. ಆದ್ರ ಫೋನಿಗೊಬ್ಬ ಇಂಥಾ ಅಳಿಯನ್ನ ಎಲ್ಲಿಂದ ತರ್ತೀರಿ?"