ಎರಡು ಸೀಟಿನ ಅನುಮಾನ

ನಮ್ಮ ಸೋದರಮಾವ ಜೀವಮಾನದಲ್ಲಿ ಕಾರು ಓಡಿಸಿದವರಲ್ಲ. ಆದರೂ ಜಪಾನಿನ ಎರಡು ಕಾರುಗಳ ಮೇಲೆ ಅವರಿಗಿದ್ದಷ್ಟು ಅನುಮಾನ ಜಪಾನಿನವರಿಗೂ ಇದ್ದಿರಲಾರದು! ನಂಜನಗೂಡಿನ ದೇವಸ್ಥಾನದಲ್ಲಿ ತೀರ್ಥವನ್ನೂ ಮೂಸಿ ಕುಡಿಯುವವರು ಅವರು. ಬಸ್ಸು ಹತ್ತಿದರೆ ಬಾಗಿಲು ಭದ್ರವೇ ಎಂದು ಎಳೆದೆಳೆದು ನೋಡಿ, "ಕಿತ್ಕೊಂಡೇ ಓಗ್ಬುಡಿ ಸಾ!" ಎಂದು ಕಂಡಕ್ಟರನಿಂದ ಅನ್ನಿಸಿಕೊಳ್ಳುವವರು.

ಎಂಬತ್ತರ ದಶಕದ ಆರಂಭದಲ್ಲಿ, ಯಾವುದೋ ವಿದೇಶಿ ಪತ್ರಿಕೆಯಲ್ಲಿ ಅವರಿಗೆ ಆ ಎರಡು ಕಾರುಗಳ ಚಿತ್ರ ಸಿಕ್ಕಿದವು: ಹಳೆಯ ಕಾಸ್ಮೊ, ಹೊಸ ಕೆಂಪು ಆರ್‌ಎಕ್ಸ್ ಸೆವೆನ್. ಎರಡರ ಎಂಜಿನ್ನಿನಲ್ಲೂ ಮೇಲೆ ಕೆಳಗೆ ಕುಣಿಯುವ ಪಿಸ್ಟನ್ನಿಲ್ಲ. ಮೂರು ಮೂಲೆಯ ಗುಂಡೊಂದು ಗಿರಗಿರ ಸುತ್ತುತ್ತದಂತೆ.

"ಪಿಸ್ಟನ್ ಇಲ್ವಂತೆ! ಎಲ್ಲೋ ಮುಚ್ಚಿಟ್ಟಿದ್ದಾರೆ ಕಣೋ," ಎಂದರು ಮಾವ ನನಗೆ.

"ಒರಳಲ್ಲಿ ಗುಂಡು ತಿರುಗಲ್ವೇ? ಹಂಗೇ ಇರ್ಬೇಕು," ಎಂದರು ಅತ್ತೆ ರುಬ್ಬುತ್ತಾ.

"ಅದು ತಿರುಗಿದ್ರೆ ಚಟ್ನಿ ಆಗುತ್ತೆ ಕಣೇ, ಮೈಸೂರು ಬರುತ್ತಾ?"

ಮುಂದೆ ತೌಲನಿಕ ಅಧ್ಯಯನ ನಡೆಯಿತು. ಕಾಸ್ಮೊಗೆ ಅಷ್ಟುದ್ದ ಬಾಲ, ಕೂರಲು ಇಬ್ಬರಿಗೇ ಜಾಗ. ಮಿಕ್ಕಿದ್ದರಲ್ಲಿ ಏನು ಬಚ್ಚಿಟ್ಟಿದ್ದಾರೆ? ಆರ್‌ಎಕ್ಸ್ ಸೆವೆನ್ ಹಗಲೆಲ್ಲ ಮುಂದಿನ ದೀಪ ಒಳಗೆಳೆದುಕೊಂಡಿರುತ್ತದೆ. ಕಣ್ಣು ಮುಚ್ಚಿ ಕೂತವನನ್ನು ನಂಬುವುದುಂಟೇ?

ಇದೆಲ್ಲ ಜಗಲಿಯ ಹರಟೆಯಾಗಿಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಆದರೆ ಮಗಳು ಶಾರದೆಯನ್ನು ನೋಡಲು ಬಂದ ಗಂಡುಗಳ ಮುಂದೆ, ಉಪ್ಪಿಟ್ಟು ಮುಗಿಯುತ್ತಲೇ, ಆ ಎರಡು ಚಿತ್ರಗಳೂ ಬರತೊಡಗಿದವು! "ಯಾವುದು ವಾಸಿ?" ಬಿಳಿಗೆರೆಯವನು ಥಟ್ಟನೆ ಕಾಸ್ಮೊ ಎಂದ. "ಬಾನೆಟ್ಟು ಎತ್ತದೇ ತೀರ್ಮಾನ ಮಾಡ್ತಾನೆ," ಎಂದು ಮಾವನಿಗೆ ಬೇಡವಾದ. ಮೈಸೂರಿನವನು ಇನ್ನೊಂದನ್ನು ತೋರಿಸಿದ. "ಕೆಂಪು ಬಣ್ಣಕ್ಕೇ ಬಿದ್ದ!" ಅವನೂ ಹೋದ. ಶಾರದೆ ಕೋಣೆಯಲ್ಲಿ ಕೂತು ಅತ್ತಳು: "ಇನ್ನೊಬ್ಬನನ್ನ ಓಡಿಸಿದ್ರೆ ನಾನು ಆ ಕಾರನ್ನೇ ಕಟ್ಕೋತೀನಿ!"

ಟಿ. ನರಸೀಪುರದ ಹುಡುಗ ಚಿತ್ರಗಳನ್ನು ಸಾವಕಾಶವಾಗಿ ನೋಡಿದ. ಆಮೇಲೆ, ನಮ್ಮ ಮನೆಗಳಲ್ಲಿ ಯಾವ ಗಂಡೂ ಮಾಡಿರದ ಕೆಲಸ ಮಾಡಿದ: ಹುಡುಗಿಯ ಕಡೆ ತಿರುಗಿ, "ನಿಮಗ್ಯಾವುದು ಇಷ್ಟ?" ಎಂದುಬಿಟ್ಟ!

ಅತ್ತೆಯ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಶಾರದೆ ತಲೆಯೆತ್ತದೆ ಹೇಳಿದಳು: "ಎರಡೂ ಬೇಡ. ಎರಡರಲ್ಲೂ ಎರಡೇ ಸೀಟು. ಅಪ್ಪ ಎಲ್ಲಿ ಕೂತ್ಕೋತಾರೆ?"

ಮಾವ ಚಿತ್ರಗಳನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಮುಹೂರ್ತ ನೋಡ್ಸಿ," ಎಂದರು.

ಮದುವೆ ಮುಗಿದು ಹೆಣ್ಣನ್ನು ಟಿ. ನರಸೀಪುರಕ್ಕೆ ಕಳಿಸುವ ಹೊತ್ತು. ಬಾಡಿಗೆಯ ಅಂಬಾಸಿಡರಿನ ಬಾನೆಟ್ಟೆತ್ತಿ ತಲೆ ತೂರಿಸಿದ ಮಾವ ಎಷ್ಟು ಹೊತ್ತಾದರೂ ಹೊರಗೆ ತೆಗೆಯಲಿಲ್ಲ. ಹೋಗಿ ನೋಡಿದೆ. ಕಣ್ಣು ತುಂಬಿತ್ತು.

"ಹೊಗೆ ಕಣೋ," ಎಂದರು.

ಎಂಜಿನ್ನು ಇನ್ನೂ ಚಾಲೂ ಆಗಿರಲಿಲ್ಲ.

ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಶಾರದೆ ಗಂಡನ ಕಡೆಗೆ ಒತ್ತರಿಸಿಕೊಂಡು ಪಕ್ಕದ ಜಾಗ ತಟ್ಟಿದಳು: "ಬನ್ನಿ ಅಪ್ಪ, ಜಾಗ ಇದೆ."

ಮಾವ ಹೋಗಿ ಕೂತರು. ಬಾಗಿಲು ಹಾಕಿಕೊಂಡಿತೇ ಎಂದು ಎಳೆದು ಕೂಡ ನೋಡಲಿಲ್ಲ.